ಒಂದು ಕೆನ್ನೆಯಷ್ಟು ಗಾಳಿ

ಆ ಬೀದಿಯ ಕ್ಷೌರಿಕನ ಕೈ ಎಷ್ಟು ಹಗುರವೋ ಬಾಯಿ ಅಷ್ಟೇ ಜೋರು. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಎದುರು ಮಾತಾಡುವ ಧೈರ್ಯ ಯಾವ ಗಿರಾಕಿಗಿದೆ? ನಲವತ್ತು ವರ್ಷ ಅವನು ಹೇಳಿದ, ಬೀದಿಯೆಲ್ಲ ಕೇಳಿತು. ದೇವರ ಹತ್ತಿರ ಮಾತ್ರ ಅವನಿಗೆ ಮಾತುಕತೆ ಇರಲಿಲ್ಲ. ಆ ಖಾತೆಯನ್ನು ಹೆಂಡತಿಗೆ ವಹಿಸಿಬಿಟ್ಟಿದ್ದ.

ಯುದ್ಧಕ್ಕೆ ಹೋದ ಒಬ್ಬನೇ ಮಗ ತಲೆಗೆ ಗುಂಡಿನ ಚೂರು ಹೊಕ್ಕು ಮನೆಗೆ ಬಂದ. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ತಾಯಿ ಮಂಚದ ಪಕ್ಕ ಕೂತು ಎರಡು ಹೊತ್ತೂ ಪ್ರಾರ್ಥಿಸಿದಳು. ಮಗನಿಗೆ ಎಲ್ಲವೂ ಕೇಳಿಸುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಅಪ್ಪನಿಗೆ ಅಷ್ಟು ನಂಬಿಕೆ ಒಗ್ಗಲಿಲ್ಲ. ಆದರೂ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಮಗನ ಗಡ್ಡ ತೆಗೆಯುತ್ತಿದ್ದ. ಗಾಯದ ಗುರುತಿನ ಹತ್ತಿರ ಬಂದಾಗ ಗಿರಾಕಿಗಳಿಗೆ ಹೇಳುವಂತೆಯೇ, "ಕೆನ್ನೆ ಉಬ್ಬಿಸಪ್ಪ" ಎನ್ನುತ್ತಿದ್ದ. ಮಗ ಉಬ್ಬಿಸುತ್ತಿರಲಿಲ್ಲ. ಅಪ್ಪ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು ಕೆಲಸ ಮುಗಿಸುತ್ತಿದ್ದ.

"ಕೇಳ್ಸಲ್ಲ ಅಂತೀರಿ, ಮತ್ತೆ ದಿನಾ ಯಾಕೆ ಹೇಳ್ತೀರಿ?" ಎಂದು ಹೆಂಡತಿ ಕೆಣಕುತ್ತಿದ್ದಳು.

"ಅಭ್ಯಾಸ ಕಣೇ. ಈ ಬಾಯಿ ಸುಮ್ನಿರಲ್ಲ."

ಮಗ ಮನೆಗೆ ಬಂದ ಹನ್ನೊಂದನೇ ತಿಂಗಳಲ್ಲಿ ಆಸ್ಪತ್ರೆಯ ವೈದ್ಯೆ ಖಡಾಖಂಡಿತವಾಗಿ ಹೇಳಿದರು: ಮುಂದಿನ ತಪಾಸಣೆಯಲ್ಲಿ ಒಂದು ಮಾತಾದರೂ ಇವನಿಗೆ ತಿಳಿದಂತೆ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ. ಸರದಿಯಲ್ಲಿ ಕಾಯುವವರು ಬೇಕಾದಷ್ಟು ಜನರಿದ್ದರು.

ತಪಾಸಣೆಯ ದಿನ ಆಂಬುಲೆನ್ಸ್ ಬೇಗ ಬಂದಿದ್ದರಿಂದ ಗಡ್ಡಕ್ಕೆ ಸಮಯ ಸಿಗಲಿಲ್ಲ. ವೈದ್ಯೆ ಕೈ ಎತ್ತು ಎಂದರು, ಕಣ್ಣು ಮುಚ್ಚು ಎಂದರು. ಮಗ ಗೋಡೆ ನೋಡುತ್ತಿದ್ದ. ಅವರು ಬರೆಯಲು ಪೆನ್ನು ತೆಗೆದರು. ಅಪ್ಪ ಸುಮ್ಮನೆ ನಿಲ್ಲಲಾಗದೆ ಚೀಲದಿಂದ ಕತ್ತಿ, ಸೋಪು, ಬ್ರಷ್ಷು ತೆಗೆದ.

"ನೀವು ಬರೀರಿ ಡಾಕ್ಟ್ರೇ. ಅಷ್ಟರಲ್ಲಿ ಇದು ಮುಗಿಸ್ತೀನಿ. ನನ್ನ ಮಗನ್ನ ಹೀಗೆ ಕರ್ಕೊಂಡು ಹೋದ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

ನೊರೆ ಹಚ್ಚಿದ. "ಕೆನ್ನೆ ಉಬ್ಬಿಸಪ್ಪ."

ಕೆನ್ನೆ ಉಬ್ಬಿತು. ಸಾವಿರಾರು ಕೆನ್ನೆ ಕಂಡ ಕೈ ಎರಡು ಸಲ ಕತ್ತಿ ಎಳೆದೂ ಬಿಟ್ಟಿತು. ಉಬ್ಬಿಸಿದ್ದು ಮಗನೇ ಎಂದು ಅಪ್ಪನಿಗೆ ಗೊತ್ತೇ ಆಗಲಿಲ್ಲ. ವೈದ್ಯೆಯ ಪೆನ್ನು ನಿಂತಿತ್ತು.

"ಇನ್ನೊಂದು ಸಲ ಹೇಳಿ" ಎಂದರು.

ಈಗ ಅವನ ಕತ್ತಿ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿದ್ದ ಹೆಂಡತಿ ತೋಳು ತಿವಿದಳು. "ಹೇಳ್ರೀ."

"ಆ ಕಡೆದೂ... ಉಬ್ಬಿಸಪ್ಪ."

ಮಗ ಆ ಕಡೆಯ ಕೆನ್ನೆಯನ್ನೂ ಉಬ್ಬಿಸಿದ. ವೈದ್ಯೆ ಬರೆದಿದ್ದನ್ನು ಹೊಡೆದುಹಾಕಿ ಇನ್ನೊಂದು ವರ್ಷ ಚಿಕಿತ್ಸೆ ಎಂದು ಬರೆದರು. ಆ ಸಂಭ್ರಮದಲ್ಲಿ ಮಗ ಅರ್ಧ ಗಡ್ಡದಲ್ಲೇ ಮನೆ ಸೇರಿದ.

ಸಂಜೆ ಹೆಂಡತಿ ಪ್ರಾರ್ಥನೆಗೆ ಕೂತಾಗ ಗಂಡನೂ ಬಂದು ಪಕ್ಕದಲ್ಲಿ ಕೂತ. ಅವಳು ಬೆರಗಾಗಿ ಸರಿದು ಜಾಗ ಕೊಟ್ಟಳು.

"ಏನು ಕೇಳ್ಕೋತೀರಿ?"

"ಕೇಳೋಕೆ ಬಂದಿಲ್ಲ. ಕೊಟ್ಟಿದ್ದಕ್ಕೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ."

ಹೇಳಲು ಬಾಯಿ ತೆರೆದ. ನಲವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಮಾತು ಸಿಗಲಿಲ್ಲ. ಮಗನ ಕೆನ್ನೆ ಸವರುತ್ತಾ ಕೂತ.