ಆರತಿ ನೀರು ಕುಡಿದ ದೊರೆ

ಮೊನ್ನೆ ಮದ್ದೂರಿನಲ್ಲಿ ವೆಲ್ಡಿಂಗ್ ಅಂಗಡಿಯ ಮುಂದೆ ಹಾದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಟೆಂಟ್ ಸಿನಿಮಾದ ಪ್ರೊಜೆಕ್ಟರಿನಲ್ಲಿ ಕಾರ್ಬನ್ ಕಡ್ಡಿ ಉರಿದರೆ ಬರುತ್ತಿದ್ದ ವಾಸನೆಯೇ ಅದು. ಆ ಟೆಂಟಿನ ಕತೆಗಾರ ನೆನಪಾದ. ಥೂ, ಬೆಳಿಗ್ಗೆ ಬೆಳಿಗ್ಗೆ ನೆನೆಯುವ ಮುಖವಲ್ಲ ಅದು!

ಇಂಗ್ಲಿಷ್ ಚಿತ್ರ ಬಂದರೆ ಪರದೆಯ ಪಕ್ಕ ನಿಂತು ನಮಗೆ ಕನ್ನಡದಲ್ಲಿ ಕತೆ ಹೇಳುವುದು ಅವನ ಕೆಲಸ. ಗಂಟಲು ಚೆನ್ನಾಗಿತ್ತು, ಅಷ್ಟು ಒಪ್ಪುತ್ತೇನೆ. ಯುದ್ಧದ ಕಾಲದಲ್ಲಿ ಒಂದು ನಗೆಚಿತ್ರ ಬಂತು. ನಮ್ಮ ದೇಶಕ್ಕೆ ಬಂದ ಬಿಳಿ ದೊರೆಯೊಬ್ಬನಿಗೆ ಇಲ್ಲಿನ ರೀತಿನೀತಿ ಒಂದೂ ಗೊತ್ತಿಲ್ಲ. ಅವನ ಪೆದ್ದುತನವೇ ಚಿತ್ರ. ಹನಕೆರೆಯಿಂದ ನಾನೂ ಅವ್ವನೂ ರೈಲು ಹತ್ತಿ ಮದ್ದೂರಿನ ಟೆಂಟಿಗೆ ಬಂದಿದ್ದೆವು. ಅವ್ವನಿಗೆ ಸಿನಿಮಾ ಎಂದರೆ ಪ್ರಾಣ. ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿ ಬರುತ್ತಿದ್ದಳು.

ಚಿತ್ರದಲ್ಲಿ ಮದುವೆ ಮನೆಯ ಬಾಗಿಲಲ್ಲಿ ದೊರೆಗೆ ಆರತಿ ಎತ್ತಿದರು. ಅರಿಶಿನ ಸುಣ್ಣ ಕದಡಿದ ಕೆಂಪು ನೀರು... ಅದನ್ನು ಶರಬತ್ತೆಂದುಕೊಂಡ ಆಸಾಮಿ ತಟ್ಟೆ ಕಿತ್ತುಕೊಂಡು ಗಟಗಟ ಕುಡಿದೇಬಿಟ್ಟ! ಟೆಂಟಿನಲ್ಲಿ ಹೆಂಗಸರ ಕಡೆ ನಗುವೋ ನಗು. ಆದರೆ ಮುಂದಿನ ಕುರ್ಚಿಯಲ್ಲಿ ಕನ್ನಡ ಬಲ್ಲ ಬಿಳಿ ಎಂಜಿನಿಯರ್ ಕೂತಿದ್ದ. ಕತೆಗಾರ ಅವನತ್ತ ಹಲ್ಲು ಗಿಂಜಿ, "ನೋಡಿ ಮಹಾಜನಗಳೇ, ಮನೆಗೆ ಬಂದ ದೊರೆಗೆ ಗಮಾರ ಹಳ್ಳಿಯವರು ಕೊಳಕು ನೀರು ಕುಡಿಸುತ್ತಿದ್ದಾರೆ" ಎಂದ.

ಅವ್ವ ಎದ್ದು ನಿಂತಳು.

"ಲೇ, ನಿನ್ನ ಕಣ್ಣಿಂಗೋಗ! ಅದು ಆರತಿ ನೀರು ಕಣ್ಲಾ. ತಿಳೀದೆ ಕುಡ್ದೋನು ಅವ್ನು. ನಮ್ಮನ್ಯಾಕ್ಲಾ ಬಯ್ತೀಯ?"

"ದೊರೆಗಳ ಮುಂದೆ ಬಾಯಿ ಮಾಡ್ತೀಯಾ? ಆಚೆಗೆ ದಬ್ರೋ ಇವ್ಳ!" ಎಂದು ಕತೆಗಾರ ಕೂಗಿದ. ಗೇಟಿನವನು ಅವ್ವನ ರಟ್ಟೆ ಹಿಡಿದು ಹೊರಗೆ ತಳ್ಳಿದ. ಚಿತ್ರ ಇನ್ನೂ ಅರ್ಧವೂ ಮುಗಿದಿರಲಿಲ್ಲ. ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. "ಮಾನ ಕಳ್ದಲ್ಲೇ. ಇನ್ಮ್ಯಾಲೆ ಸಿನ್ಮಾ ಗಿನ್ಮಾ ಅಂದ್ರೆ ಕಾಲ್ ಮುರ್ದಾಕ್ತೀನಿ" ಎಂದ ಅಪ್ಪ. ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ...

ಸ್ವಾತಂತ್ರ್ಯ ಬಂದ ತಿಂಗಳು ಅದೇ ಚಿತ್ರ ಮತ್ತೆ ಬಂತು. ಅವ್ವನಿಲ್ಲದೆ ನಾನು ಹೋಗಿದ್ದೆ. ಅದೇ ಕತೆಗಾರ, ತಲೆಗೆ ಗಾಂಧಿ ಟೋಪಿ. "ನೋಡಿ, ಆರತಿ ನೀರು ಯಾವುದು, ಶರಬತ್ತು ಯಾವುದು ತಿಳಿಯದ ಪೆದ್ದ ದೊರೆ!" ಟೆಂಟೇ ಹಾರಿಹೋಗುವ ಹಾಗೆ ಶಿಳ್ಳೆ. ಊಸರವಳ್ಳಿಯಾದರೂ ಬಣ್ಣ ಬದಲಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಮನೆಗೆ ಬಂದು ಹೊಟ್ಟೆ ಉರಿದು ಎಲ್ಲ ಹೇಳಿದೆ. ಅವ್ವ ರಾಗಿ ಬೀಸುತ್ತಲೇ, "ಆಮ್ಯಾಕೆ ಆ ದೊರೆ ಏನಾದ್ನಂತೆ?" ಎಂದು ಕೇಳಿದಳು.

ಟೆಂಟಿನ ಜಾಗದಲ್ಲಿ ಈಗ ಮನೆಗಳಿವೆ. ಆ ಕತೆಗಾರ ಸತ್ತು ಎಷ್ಟೋ ವರ್ಷವಾಯಿತು. ಹಳಬರು ಇವತ್ತಿಗೂ ಎಂಥ ಕಲಾವಿದ ಎಂದು ಹೊಗಳುತ್ತಾರೆ. ಅಪ್ಪ ತೀರಿಹೋದ ಮೇಲೆ ಸಿನಿಮಾಕ್ಕೆ ಕರೆದೆ, ಅವ್ವ ಬರಲಿಲ್ಲ. ಸಾಯುವ ತನಕ ಇನ್ನೊಂದು ಸಿನಿಮಾ ನೋಡಲಿಲ್ಲ. ಸತ್ತವರನ್ನು ಬಯ್ಯಬಾರದಂತೆ. ನಾನು ಬಯ್ಯುತ್ತೇನೆ.