ಜಾನಕಮ್ಮನ ಕಳಲೆ ಪಲ್ಯ ಹುಡುಕಿದ್ದು

ಹುಡುಕಿದ್ದು ಸಿಕ್ಕರೆ ಖುಷಿಯಾಗಲೇಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಕನ್ನಡಕ, ಬೀಗದ ಕೈ, ಛತ್ರಿಗಳ ಮಟ್ಟಿಗೆ ಅದು ಈಗಲೂ ನಿಜ. ಅರ್ಧ ಆಯುಷ್ಯವನ್ನು ಇವುಗಳ ಹಿಂದೆಯೇ ಕಳೆದ ನನ್ನ ಕೈಗೆ ಹುಡುಕುವ ಸಾಧನವೊಂದು ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ, ಮೂಡಿಗೆರೆಯಲ್ಲಿ ಸೈಬರ್ ಕೆಫೆ ಇಟ್ಟಿದ್ದಾಗ.

ಆಗ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ರಸ್ತೆ ಬದಿಯ ಮರ ಬಿದ್ದರೆ ಅದೂ ಬಿತ್ತು. ಅದಕ್ಕೇ ಒಂದು ತಂತ್ರಾಂಶ ಹಾಕಿದ್ದೆ. ಕೆಫೆಯಲ್ಲಿ ಯಾರು ಯಾವ ಪುಟ ತೆರೆದರೂ, ಬಂದ ಪುಟದ ಒಂದು ಪ್ರತಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಮತ್ತೊಬ್ಬರು ಅದನ್ನೇ ಕೇಳಿದರೆ ತಂತಿಗೆ ಕಾಯದೆ ಕೊಡುತ್ತಿತ್ತು. ಹೀಗೆ ಸಿಕ್ಕಿಬಿದ್ದ ಪುಟಗಳ ಒಳಗೆ ಬೇಕಾದ ಪದ ಹುಡುಕಲು ಜೊತೆಗೊಂದು ಪುಟ್ಟ ಸಾಧನ. ನಾನದರಲ್ಲಿ ಕಾಫಿ ರೇಟು ಹೆಕ್ಕಿ ಪ್ಲಾಂಟರುಗಳ ಮುಂದೆ ಪಂಡಿತನಾಗುತ್ತಿದ್ದೆ.

ಸಂತೆಯ ದಿನ ತಪ್ಪದೆ ಬರುತ್ತಿದ್ದವರು ಜಾನಕಮ್ಮ. ಗಂಡ ಸುಬ್ರಾಯರು ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಎಂದರೆ ಲೆಕ್ಕದ ಗುಮಾಸ್ತ. ಅವರು ಹೆಸರಿಗೆ ಮಾತ್ರ ರೈಟರ್, ಬರೆಯುತ್ತಿದ್ದವರು ಈಯಮ್ಮ. ಕನ್ನಡದ ಒಂದು ಜಾಲತಾಣದಲ್ಲಿ ಓದುಗರ ಅಂಕಣವಿತ್ತು. ಅಲ್ಲಿ ಅಡುಗೆ, ಹಕ್ಕಿ, ಬಸ್ಸಿನ ಜಗಳ ಎಲ್ಲವನ್ನೂ ಬರೆಯುತ್ತಿದ್ದರು. ಒಂದು ವರ್ಷ ಜಾನಕಮ್ಮ ಜ್ವರ ಬಂದು ಒಂದೇ ವಾರದಲ್ಲಿ ತೀರಿಕೊಂಡರು.

ಕೆಲವು ತಿಂಗಳ ಮೇಲೆ ಸುಬ್ರಾಯರು ಬಂದು ಬಾಗಿಲಲ್ಲೇ ನಿಂತರು.

"ಅವ್ಳು ಇಲ್ಲಿ ಕೂತ್ಕೊಂಡು ಏನೋ ಬರೀತಿದ್ಲಲ್ಲ ಮಾರಾಯ, ಅದು ಓದಕ್ಕೆ ಸಿಗ್ತದಾ?"

ಒಮ್ಮೆಯೂ ಓದಿರಲಿಲ್ಲವಂತೆ. ತೆರೆಯಲು ಹೋದರೆ ಆ ಜಾಲತಾಣವೇ ಮುಚ್ಚಿಹೋಗಿತ್ತು. ಹಿಡಿದಿಟ್ಟ ಪುಟಗಳಿವೆಯಲ್ಲ ಎಂದು ಧೈರ್ಯ ಹೇಳಿ, ಅವರನ್ನು ಕೂರಿಸಿ, ಆಕೆ ಅಂಕಣದಲ್ಲಿ ಹಾಕುತ್ತಿದ್ದ ಜಾನಕಿ ಎಂಬ ಹೆಸರನ್ನು ಹುಡುಕಿದೆ. ಏನೂ ಇಲ್ಲ ಎಂದಿತು. ಮೂಡಿಗೆರೆ ಎಂದರೂ ಇಲ್ಲ. ಒಂದು ಊರನ್ನೇ ಇಲ್ಲ ಎನ್ನುವ ಯಂತ್ರದ ಮೇಲೆ ನನಗೆ ಅನುಮಾನ ಬಂತು.

ಆ ಕಾಲದ ಕನ್ನಡ ಪುಟಗಳು ಒಳಗೆ ಕನ್ನಡವೇ ಅಲ್ಲ ಎಂಬುದು ಆಗ ನೆನಪಾಯಿತು. ಇಂಗ್ಲಿಷ್ ಅಕ್ಷರಗಳಿಗೆ ಫಾಂಟಿನ ವೇಷ ಹಾಕಿಸಿ ಕನ್ನಡ ಎನ್ನಿಸುತ್ತಿದ್ದರು. ನಮ್ಮ 'ಕ' ಒಳಗಡೆ ಒಂದು ಪಿ, ಪಕ್ಕದಲ್ಲಿ ತಲೆಮೇಲೆ ಓರೆಗೀಟು ಹೊತ್ತ ಎ. ಸತ್ತವರ ಹೆಸರನ್ನು ಹಾಗೆ ವಿಕಾರವಾಗಿ ಬರೆಯಲು ಕೈ ಹಿಂಜರಿಯಿತು. ಆದರೂ ಆ ಅಕ್ಷರಗಳಲ್ಲೇ ಬರೆದು ಹುಡುಕಿದೆ. ಪುಟಗಳು ಬಂದವು.

ಮೊದಲು ತೆರೆದದ್ದು ಕಳಲೆ ಪಲ್ಯ. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸುವುದರಿಂದ ಒಗ್ಗರಣೆಯವರೆಗೆ ಎಲ್ಲ ಇತ್ತು. ಕೊನೆಯಲ್ಲಿ ಹೀಗೆ ಬರೆದಿದ್ದರು: "ನಮ್ಮನೆಯವರು ಚೆನ್ನಾಗಿದೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ಉಪ್ಪು ಸರಿಯಾಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನೀವು ಮಾಡಿದರೆ ತಿಳಿಸಿ."

ಸುಬ್ರಾಯರು ಅದನ್ನು ಓದಿ, ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು.

"ಇದಕ್ಕೆ ಉತ್ತರ ಬರಿಯಕ್ಕೆ ಬರ್ತದಾ?"

"ಇಲ್ಲ ರಾಯರೆ. ಆ ಜಾಲತಾಣ ಈಗ ಇಲ್ಲ. ಇದು ಬರೀ ಪ್ರತಿ."

ಅವರು ತಲೆಯಾಡಿಸಿದರು. ಎಲ್ಲ ಪುಟಗಳನ್ನೂ ಪ್ರಿಂಟ್ ಹಾಕುತ್ತೇನೆ ಎಂದು ಎದ್ದೆ. ಪ್ರಿಂಟರಿನ ಹತ್ತಿರ ಹೋಗುತ್ತಿದ್ದಾಗ ಅವರು ಪರದೆಯ ಕಡೆ ಬಾಗಿ, ನಾನು ಬೆನ್ನ ಹಿಂದೆಯೇ ಇದ್ದೇನೆಂಬುದನ್ನು ಮರೆತವರಂತೆ ಮೆತ್ತಗೆ ಹೇಳಿದರು:

"ಉಪ್ಪು ಸರಿ ಇತ್ತು ಕಣೆ."

ನಾನು ಹಾಳೆ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ. ನನ್ನ ಯಂತ್ರ ಹಿಡಿದಿಡುತ್ತಿದ್ದದ್ದು ಹೊರಗಿನಿಂದ ಬಂದ ಮಾತನ್ನು ಮಾತ್ರ. ಇಲ್ಲಿ ಕೂತು ಆಡಿದ ಈ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಎಷ್ಟು ಹುಡುಕಿದರೂ ಯಾರಿಗೂ ಸಿಗುವುದಿಲ್ಲ.