ಕಾಲಪೇಟಿಯ ಭೈರವಿ

ಆಗ ತಿಕೋಂಡಿಯಲ್ಲಿ ಒಂದು ಮನೆಯ ರೇಡಿಯೋ ಇಡೀ ಓಣಿಗೆ ಸಾಕಾಗುತ್ತಿತ್ತು. ಹಾಡನ್ನು ತುಂಬಿಟ್ಟುಕೊಳ್ಳುವ ಟೇಪನ್ನಂತೂ ನಾವು ಕಂಡೇ ಇರಲಿಲ್ಲ. ಆ ವರ್ಷ ಸೀತನಿ ಕಾಲದಲ್ಲಿ, ಓಣಿಯೆಲ್ಲ ಸುಟ್ಟ ಜೋಳದ ತೆನೆಯ ವಾಸನೆ ಹಬ್ಬಿದ್ದಾಗ, ವಿಜಾಪುರದಿಂದ ನಮ್ಮ ಸೋದರಮಾವ ಅಂಥದ್ದೊಂದು ಟೇಪನ್ನು ಹೆಗಲಿಗೆ ಹಾಕಿಕೊಂಡು ಬಂದ. ದೊಡ್ಡಪ್ಪನ ಕಾಲಪೇಟಿಯನ್ನು, ಅಂದರೆ ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಮ್ಮನ್ನು, ರೆಕಾರ್ಡ್ ಮಾಡುವುದಿತ್ತು.

ದೊಡ್ಡಪ್ಪ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದವನು. ಕಂಪನಿ ಮುಚ್ಚಿದಾಗ ಆ ವಿಲಾಯತಿ ಪೇಟಿ ಎತ್ತಿನ ಗಾಡಿಯಲ್ಲಿ ನಮ್ಮ ಪಡಸಾಲೆಗೆ ಬಂದಿತ್ತು. ಎದೆಯೆತ್ತರದ ಕರಿ ಕಟ್ಟಿಗೆಯದು. ಕೆಳಗಿನ ಎರಡು ಹಲಗೆಗಳನ್ನು ಕಾಲಿನಿಂದ ತುಳಿದರೆ ಒಳಗಿನ ಚರ್ಮದ ತಿದಿ ಗಾಳಿ ಕೊಡುತ್ತಿತ್ತು. ಎರಡೂ ಕೈ ನುಡಿಸುವುದಕ್ಕೇ. ಮುಚ್ಚಳ ತೆಗೆದರೆ ಕರ್ಪೂರದ ವಾಸನೆ, ಅದರ ಹಿಂದೆ ಇಲಿಯ ವಾಸನೆ. ತಿದಿ ಬಿರುಕು ಬಿಟ್ಟಿತ್ತು. ಅದನ್ನು ಹೊಲಿಯಬಲ್ಲ ಮಿರಜಿನ ಮುದುಕ ತೀರಿಕೊಂಡಿದ್ದ. ಹಾಗಾಗಿ ದೊಡ್ಡಪ್ಪ ಅದನ್ನು ನುಡಿಸುವುದನ್ನೇ ಬಿಟ್ಟಿದ್ದ. ನಾಟಕದ ಕೊನೆಗೆ ನುಡಿಸುವ ಭೈರವಿಯೊಂದಿತ್ತು, ಅವನ ಗುರುಗಳು ಕಟ್ಟಿದ್ದು. ಅದು ಗೊತ್ತಿದ್ದದ್ದು ಈಗ ಅವನೊಬ್ಬನಿಗೇ.

"ಒಮ್ಮಿ ಪೂರಾ ತುಂಬಿಸಿಕೊಂಡ್ಬಿಡಪಾ. ಈ ತಿದಿ ಇನ್ನ ಒಂದ್ಸಲಾ ತಾಳತೈತಿ. ನಾ ಸತ್ರೂ ಭೈರವಿ ಉಳೀತೈತಿ," ಅಂದ ಮಾವನಿಗೆ.

ಸಪ್ಪಳವಾಗಬಾರದೆಂದು ಮಾವ ಓಣಿಗೆಲ್ಲ ಹೇಳಿಬಂದ. ದೊಡ್ಡವ್ವ ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿದಳು. ನಾವು ಹುಡುಗರು ಆಡುವ ಚಿಣಿಫಣಿ ಕೋಲುಗಳು ಅಟ್ಟ ಸೇರಿದವು. ಎಲ್ಲರಿಗಿಂತ ಹೆಚ್ಚು ಮುತುವರ್ಜಿ ಕುರಿ ಕಾಯುವ ಮಾಳಪ್ಪಕಾಕಾನದು. ಕುರಿಗಳ ಕೊರಳ ಗಂಟೆ ಬಿಚ್ಚಿ, ಹಿಂಡನ್ನು ಹಳ್ಳದಾಚೆ ಹೊಡೆಸಿ ಬಂದು ಬಾಗಿಲಲ್ಲಿ ಕುಳಿತ. ನಾನು ಶೇಂಗಾ ಚಟ್ನಿ ಕಲಸಿದ ಸೀತನಿ ಬಾಯಿಗೆ ಹಾಕಿಕೊಂಡಿದ್ದೆ.

"ಲೇ, ಅಗೀಬ್ಯಾಡ, ಟೇಪಿನಾಗ ಕೇಳತೈತಿ! ನುಂಗಿಬಿಡು!" ಎಂದು ಕಾಕಾ ಗದರಿಸಿದ.

ಭೈರವಿ ಶುರುವಾಯಿತು. ಮೊದಲು ಕಟ್ಟಿಗೆಯೊಳಗೆ ಜೇನು ಗುಂಯ್‌ಗುಟ್ಟಿದಂತೆ. ಆಮೇಲೆ ಎಡಗೈಯ ದಪ್ಪ ಸ್ವರಗಳು ಬಂದವು. ಕುಳಿತ ನೆಲ ನಡುಗಿತು, ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ತಂಬಿಗೆ ತಾನೂ ದನಿಗೂಡಿಸಿತು. ದೊಡ್ಡಪ್ಪ ಮೊಣಕಾಲಿನಿಂದ ಒಂದು ಹಿಡಿಕೆ ಒತ್ತಿದ. ದನಿಯಿಂದ ಮನೆ ತುಂಬಿ ಹೋಯಿತು.

ಕೊನೆಯ ಭಾಗ ಇನ್ನೂ ಬಾಕಿಯಿರುವಾಗಲೇ ಮಾಳಪ್ಪಕಾಕಾ ತಲೆಯ ಪಟಕಾ ಕೈಯಲ್ಲಿ ಹಿಡಿದು ಎದ್ದು ನಿಂತೇಬಿಟ್ಟ. "ಒನ್ಸ್ ಮೋರ್!"

ಕಂಪನಿ ನಾಟಕ ನೋಡಿ ಬೆಳೆದ ಊರು. ಹೊರಗಿದ್ದವರೆಲ್ಲ ಕೂಗಿದರು. ಆ ಕೂಗು ಬಿದ್ದರೆ ಮೊದಲಿಂದ ನುಡಿಸುವುದು ಪೇಟಿ ಮಾಸ್ತರನ ರೂಢಿ. ದೊಡ್ಡಪ್ಪನ ಕೈಗಳು ತಾವಾಗಿಯೇ ಮೊದಲ ಸ್ವರಕ್ಕೆ ಮರಳಿದವು. ಮಾವ ಹಣೆ ಬಡಿದುಕೊಂಡ. ಮತ್ತೆ ಅಲ್ಲಿಗೇ ಬಂದು, ಇನ್ನು ಕೊನೆಯ ಭಾಗ ಹಿಡಿಯಬೇಕು, ಅಷ್ಟರಲ್ಲಿ ಒಳಗೆ ಪರ್ರನೆ ಏನೋ ಹರಿಯಿತು. ತಿದಿ ಹೋಗಿತ್ತು. ದೊಡ್ಡಪ್ಪ ತುಳಿಯುತ್ತಲೇ ಇದ್ದ. ಬರಿ ಹಲಗೆಯ ಟಕಟಕ.

"ಮಾಸ್ತರ್ರ, ನನ್ನ ಬಾಯಿಗೆ ಮಣ್ಣ ಬೀಳ್ಲಿ," ಮಾಳಪ್ಪಕಾಕಾ ಗಳಗಳ ಅತ್ತ.

"ಅಳಬ್ಯಾಡೋ ಮಾಳ್ಯಾ. ಆ ಕೂಗ ಕೇಳಿ ಎಷ್ಟ ವರ್ಷ ಆಗಿತ್ತು! ನಿಲ್ಲಬೇಕಂದ್ರೂ ಕೈ ನನ್ನ ಮಾತ ಕೇಳಲಿಲ್ಲ."

ಮಾವ ಮೆಲ್ಲಗೆ ಕೇಳಿದ: "ಅಣ್ಣಾರ, ಉಳದದ್ದು ಮಠದ ಕೈಪೇಟಿಲೆ ನುಡಸ್ರಲ್ಲ?"

"ಅದರಾಗ ಒಂದ ಕೈ ಗಾಳಿ ಹಾಕಾಕ ಹೋಗತೈತಿ. ಇದಕ್ಕ ಎರಡೂ ಬೇಕು. ಅರ್ಧಾ ನುಡಿಸಿ ಭೈರವಿ ಅಂದ್ರ, ಗುರುಗಳಿಗೆ ಏನ್ ಹೇಳ್ಲಿ?" ಎಂದು ಮುಚ್ಚಳ ಹಾಕಿದ.

ಮುಂದೆ ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟು ಗೌಂಡಿ ಕೆಲಸ ಹಿಡಿದೆ. ನಮ್ಮ ಜತ್ತ ತಾಲೂಕಿನಲ್ಲಿ ನಾನು ಕೈಹಾಕಿದ ಒಂದು ಮನೆಯೂ ಅರ್ಧಕ್ಕೆ ನಿಂತಿಲ್ಲ, ಎದೆ ತಟ್ಟಿ ಹೇಳುತ್ತೇನೆ. ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು, ಮಾಳಪ್ಪಕಾಕಾನೂ ಇಲ್ಲ. ಟೇಪಿನಲ್ಲಿದ್ದದ್ದನ್ನು ಮಗಳು ಮೊಬೈಲಿಗೆ ಹಾಕಿಸಿಕೊಂಡು ಬಂದಳು. ಪೂರ್ತಿ ಕೇಳಿ, "ಅಪ್ಪಾ, ಇದರ ಮುಂದ ಹೆಂಗಿತ್ತು?" ಅಂದಳು.

ನನಗೆ ಗೊತ್ತಿಲ್ಲ. ಗೊತ್ತಿದ್ದವರು ಈಗ ಯಾವ ಊರಲ್ಲೂ ಇಲ್ಲ. ದನಿ ನಿಂತ ಮೇಲೂ ಅಪ್ಪ ಮಗಳು ಇಬ್ಬರೂ ಆ ಮೊಬೈಲನ್ನೇ ನೋಡುತ್ತ ಕುಳಿತಿದ್ದೆವು.